ಎಂಟುನೂರು ಮನೆಗಳ ಲೆಕ್ಕ

ಸಭಾಪಾಲಕರಿಗಾಗಿ ನಡೆಯುವ ನಾಯಕತ್ವ ಸಮ್ಮೇಳನಗಳಲ್ಲಿ ನೋಂದಣಿ ಮೇಜಿನ ಬಳಿಯೇ ಒಂದು ಟಿಪ್ಪಣಿ ಪುಸ್ತಕ ಕೊಡುವುದು ರೂಢಿ. ಉಪನ್ಯಾಸದ ಸಾರ ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ವಾಕ್ಯದ ನಡುವೆ ಅಲ್ಲಲ್ಲಿ ಒಂದು ಪದದಷ್ಟು ಜಾಗ ಬಿಟ್ಟು ಗೆರೆ ಎಳೆದಿರುತ್ತಾರೆ. ಭಾಷಣಕಾರರು ಪರದೆಯ ಮೇಲೆ ಆ ಪದ ತೋರಿಸಿದ ಕೂಡಲೇ ಸಭಾಂಗಣವೆಲ್ಲ ತಲೆ ತಗ್ಗಿಸಿ ಗೆರೆ ತುಂಬಿಸುತ್ತದೆ: ದರ್ಶನ, ಗುರಿ, ತಂಡ, ಪ್ರಭಾವ. ಎರಡು ದಿನ ಕಳೆಯುವಷ್ಟರಲ್ಲಿ ಪುಸ್ತಕ ಭರ್ತಿ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ, ಕೆಲಸಕ್ಕೆ ಬರುವ ಮಾತುಗಳೂ ಬೇಕಾದಷ್ಟು ಇರುತ್ತವೆ. ಆದರೆ ಒಬ್ಬ ಸಭಾಪಾಲಕ ತನ್ನ ಊರಿನಿಂದ ಎದೆಯಲ್ಲಿ ಹೊತ್ತು ತಂದ ತಿಳಿವಳಿಕೆಗೆ ಅಲ್ಲಿ ಒಂದು ಗೆರೆಯೂ ಇಲ್ಲ. ಯಾವ ಮನೆಯ ಮಗ ಮಾತು ಬಿಟ್ಟು ಊರು ಬಿಟ್ಟ, ಯಾವ ಅಜ್ಜಿ ಮೂರು ತಿಂಗಳಿಂದ ಕರ್ತನ ಭೋಜನಕ್ಕೆ ಬಂದಿಲ್ಲ, ಯಾವ ಅಣ್ಣ ತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ ಎಂಬುದನ್ನು ಬರೆದುಕೊಳ್ಳಲು ಜಾಗವೇ ಇಲ್ಲ. ಹಾಗಾದರೆ ಸಭಾಪಾಲಕ ನಾಯಕನೇ ಎಂಬ ಪ್ರಶ್ನೆ ಏಳುತ್ತದೆ. ಹೌದು, ನಾಯಕನೇ. ಆದರೆ ಅವನ ನಾಯಕತ್ವ ಹುಟ್ಟುವುದು ಜನರನ್ನು ಒಬ್ಬೊಬ್ಬರನ್ನಾಗಿ ಬಲ್ಲ ಕೆಲಸದೊಳಗಿಂದ. ಆ ಕೆಲಸದಿಂದ ನಾಯಕತ್ವವನ್ನು ಬಿಡಿಸಿ ತೆಗೆದು ಬೇರೆಯೇ ಒಂದು ವಿದ್ಯೆಯಾಗಿ ಕಲಿಸಿದರೆ, ಸಭೆ ಎಷ್ಟೇ ಬೆಳೆಯಲಿ, ಅದಕ್ಕೆ ಪಾಲಕನಿಲ್ಲದಂತಾಗುತ್ತದೆ ಎಂಬುದು ನನ್ನ ವಾದ.

ಪದದಿಂದಲೇ ಶುರುಮಾಡೋಣ. ನಾಯಕ ಎಂದರೆ ಕನ್ನಡಿಗರ ಕಣ್ಣ ಮುಂದೆ ಬರುವುದು ಚಿತ್ರದುರ್ಗದ ಏಳು ಸುತ್ತಿನ ಕೋಟೆ, ಸೈನ್ಯದ ಮುಂದೆ ನಡೆಯುವ ದೊರೆ. ಕನ್ನಡ ಸತ್ಯವೇದ ಸಭಾಪಾಲಕನ ಕೆಲಸಕ್ಕೆ ಮಾದರಿಯಾಗಿ ಮುಂದಿಡುವ ಪದ ಕುರುಬ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ರಸ್ತೆಗಳಲ್ಲಿ ನೂರಾರು ಕುರಿ ಹೊಡೆದುಕೊಂಡು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಹೊಲದವರು ಗೊಬ್ಬರಕ್ಕೆಂದು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಸಂಜೆ ಮಂದೆ ತಂಗಿದಾಗ ನಡೆಯುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಗಲೆಲ್ಲ ಬೀಡಿನಲ್ಲೇ ಉಳಿದ ಎಳೆ ಮರಿಗಳನ್ನು ಒಂದೊಂದಾಗಿ ಎತ್ತಿ, ಅದರದರ ತಾಯಿಯನ್ನು ಹುಡುಕಿ ಕೆಚ್ಚಲಿಗೆ ಹಚ್ಚುತ್ತಾರೆ. ಮಬ್ಬುಗತ್ತಲಲ್ಲಿ, ನಮ್ಮ ಕಣ್ಣಿಗೆ ಒಂದೇ ಥರ ಕಾಣುವ ಕರಿಕುರಿಗಳ ನಡುವೆ, ಯಾವ ಮರಿ ಯಾವ ತಾಯಿಯದು ಎಂಬುದು ಅವರಿಗೆ ಗೊತ್ತಿರಬೇಕು. ಬೇರೆ ಮರಿಯನ್ನು ತಂದರೆ ಕುರಿ ತಲೆಯಿಂದ ದೂಡಿಬಿಡುತ್ತದೆ. ಬೆಳಗ್ಗೆ ಅಷ್ಟು ದೊಡ್ಡ ಮಂದೆಯನ್ನು ಒಂದು ಕೂಗಿನಲ್ಲಿ ಎಬ್ಬಿಸಿ ನಡೆಸುವ ಅಧಿಕಾರ ಆ ಸಂಜೆಯ ಕೆಲಸದಿಂದ ಬಂದದ್ದು. ಒಳ್ಳೆಯ ಕುರುಬನ ಬಗ್ಗೆ ಯೇಸು ಆಡಿದ ಮಾತು ಯೋಹಾನನ ಸುವಾರ್ತೆಯಲ್ಲಿದೆ. ಅಲ್ಲಿ ಕುರುಬನು ಕುರಿಗಳ ಮುಂದೆ ನಡೆಯುವುದಕ್ಕೆ ಮೊದಲು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ. ಈ ಅನುಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇಂದಿನ ನಾಯಕತ್ವ ಸಮ್ಮೇಳನಗಳ ಸ್ವರೂಪ ಎಲ್ಲಿಂದ ಬಂತು ಎಂದು ತಿಳಿಯಲು ಷಿಕಾಗೋ ನಗರದ ಹೊರವಲಯಕ್ಕೆ ಹೋಗಬೇಕು. 1975ರಲ್ಲಿ ಇಲಿನಾಯ್ ರಾಜ್ಯದ ಪ್ಯಾಲಟೈನ್ ಊರಿನ ಒಂದು ಬಾಡಿಗೆ ಚಿತ್ರಮಂದಿರದಲ್ಲಿ ಬಿಲ್ ಹೈಬೆಲ್ಸ್ ಮತ್ತು ಗೆಳೆಯರು ವಿಲೋ ಕ್ರೀಕ್ ಸಭೆಯನ್ನು ಆರಂಭಿಸಿದರು. ಮನೆಮನೆಯ ಬಾಗಿಲು ತಟ್ಟಿ, ನೀವೇಕೆ ಸಭೆಗೆ ಬರುವುದಿಲ್ಲ ಎಂದು ಕೇಳಿ, ಬಂದ ಉತ್ತರಗಳಿಗೆ ತಕ್ಕಂತೆ ಆರಾಧನೆಯನ್ನು ರೂಪಿಸಿದ್ದು ಆ ಸಭೆಯ ಹೆಗ್ಗಳಿಕೆ. ಹೊಸ ಶತಮಾನದ ಹೊತ್ತಿಗೆ ವಾರಾಂತ್ಯದ ಆರಾಧನೆಗಳಿಗೆ ಇಪ್ಪತ್ತು ಸಾವಿರದಷ್ಟು ಜನ ಬರುತ್ತಿದ್ದರು. ಅದೇ ಸಭೆ 1995ರಲ್ಲಿ ಆರಂಭಿಸಿದ ನಾಯಕತ್ವ ಸಮ್ಮೇಳನ ಮುಂದೆ ಉಪಗ್ರಹದ ಮೂಲಕ ನೂರಾರು ಊರುಗಳಿಗೆ, ದೃಶ್ಯಮುದ್ರಣದ ಮೂಲಕ ಭಾರತವೂ ಸೇರಿ ಹಲವು ದೇಶಗಳಿಗೆ ತಲುಪಿತು. ಪಾದ್ರಿಗಳ ಜೊತೆಗೆ ದೊಡ್ಡ ಕಂಪನಿಗಳ ಮುಖ್ಯಸ್ಥರು, ನಿರ್ವಹಣಾಶಾಸ್ತ್ರದ ಲೇಖಕರು, ರಾಜಕಾರಣಿಗಳು ಅದರ ವೇದಿಕೆ ಏರಿದರು. 2000ದ ಆಗಸ್ಟಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕೂಡ ಅಲ್ಲಿ ಕೂತು ಮಾತಾಡಿದರು. ಸಭೆಯೂ ಒಂದು ಸಂಸ್ಥೆ, ಸಂಸ್ಥೆ ಬೆಳೆಯುವುದು ನಾಯಕನಿಂದ, ನಾಯಕತ್ವ ಎಲ್ಲಿದ್ದರೂ ಒಂದೇ ಎಂಬ ನಂಬಿಕೆ ಇಡೀ ಏರ್ಪಾಟಿನ ಅಡಿಪಾಯವಾಗಿತ್ತು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರೂ ಆ ಸಭೆಯವರೇ ಎಂಬುದನ್ನು ಗೌರವದಿಂದ ನೆನೆಯಬೇಕು. ತಮ್ಮ ಸದಸ್ಯರ ನಡುವೆಯೇ ಸಮೀಕ್ಷೆ ನಡೆಸಿ 2007ರಲ್ಲಿ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು. ಸಭೆಯ ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದಷ್ಟೂ ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿ ಹೆಚ್ಚುತ್ತದೆ ಎಂದು ಅವರು ನಂಬಿದ್ದರು. ಸಮೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಭಕ್ತಿಯಲ್ಲಿ ಬಹಳ ಮುಂದೆ ಹೋದವರಲ್ಲೇ ಹಲವರು ಅತೃಪ್ತರಾಗಿದ್ದರು, ಸಭೆ ಬಿಡುವ ಯೋಚನೆಯಲ್ಲಿದ್ದರು. ಹೈಬೆಲ್ಸ್ ಇದನ್ನು ಮುಚ್ಚಿಡದೆ ಅದೇ ವರ್ಷದ ಸಮ್ಮೇಳನದಲ್ಲಿ ಬಹಿರಂಗವಾಗಿ ಹೇಳಿದರು. ಮೂವತ್ತೆರಡು ವರ್ಷಗಳ ಅಚ್ಚುಕಟ್ಟಾದ ಸಂಘಟನೆ, ನುರಿತ ತಂಡ, ಸ್ಪಷ್ಟ ಗುರಿ ಎಲ್ಲವೂ ಇದ್ದ ಕಡೆ ಇಂಥ ಫಲ ಬಂತೆಂದರೆ ನಾವು ಸ್ವಲ್ಪ ನಿಂತು ಯೋಚಿಸಬೇಕು. ಜನ ಬಂದರು, ಎಣಿಕೆಗೆ ಸಿಕ್ಕರು, ಕೆಲಸಕ್ಕೂ ಹಚ್ಚಲ್ಪಟ್ಟರು. ಆದರೆ ನಿನ್ನ ಪ್ರಾರ್ಥನೆ ಏಕೆ ಒಣಗಿದೆ ಎಂದು ಕೇಳುವಷ್ಟು ಹತ್ತಿರ ಯಾರಾದರೂ ಬಂದರೇ?

ಅದೇ ಸಭೆಯ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಹೈಬೆಲ್ಸ್ ಮಹಿಳೆಯರೊಂದಿಗೆ ಅನುಚಿತವಾಗಿ ನಡೆದುಕೊಂಡರೆಂಬ ಆರೋಪಗಳು 2018ರ ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಬಂದವು. ಅವರು ಅಲ್ಲಗಳೆದರು, ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಆರೋಪಗಳನ್ನು ಮೊದಲು ತಳ್ಳಿಹಾಕಿದ್ದ ಸಭಾಹಿರಿಯರ ಮಂಡಳಿ ಆಗಸ್ಟ್ 8ರಂದು, ಆ ವರ್ಷದ ಸಮ್ಮೇಳನಕ್ಕೆ ಒಂದು ದಿನ ಮೊದಲು, ಕ್ಷಮೆ ಕೇಳಿ ಇಡಿಯಾಗಿ ರಾಜೀನಾಮೆ ಕೊಡುವುದಾಗಿ ಹೇಳಿತು. ಆರೋಪಗಳು ನಂಬಲು ಅರ್ಹವೆಂದು ಸ್ವತಂತ್ರ ಸಮಿತಿಯೊಂದು 2019ರಲ್ಲಿ ಅಭಿಪ್ರಾಯಪಟ್ಟಿತು. ಒಬ್ಬನು ಎಡವಿದರೆ ಅವನು ಕಲಿಸಿದ್ದೆಲ್ಲ ಸುಳ್ಳಾಗುತ್ತದೆಯೇ ಎಂದು ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದು. ದಾವೀದನು ಬಿದ್ದನೆಂದು ಯಾರೂ ಕೀರ್ತನೆಗಳನ್ನು ಬಿಡಲಿಲ್ಲ. ಹಾಗಾಗಿ ನಾನು ವಾದ ಕಟ್ಟುವುದು ವ್ಯಕ್ತಿಯ ಮೇಲಲ್ಲ, ಹಿರಿಯರ ಮೇಲೆ. ಅವರು ಕೆಟ್ಟವರಾಗಿರಲಿಲ್ಲ. ತಾವು ಆ ವ್ಯಕ್ತಿಯ ಮೇಲೆ ಇಟ್ಟ ನಂಬಿಕೆ ತಮ್ಮ ಕಣ್ಣು ಮಸುಕಾಗಿಸಿತು ಎಂಬ ಅರ್ಥದಲ್ಲಿ ಅವರೇ ಒಪ್ಪಿಕೊಂಡರು. ವೇದಿಕೆಯ ಮೇಲೆ ದೊಡ್ಡದಾಗಿ ಕಾಣುವವನನ್ನು ಪಕ್ಕದಲ್ಲಿ ಕೂತು ಪ್ರಶ್ನಿಸುವುದು ಕಷ್ಟ. ನೊಂದು ಬಂದ ಹೆಂಗಸಿನ ಮಾತು ಆ ಎತ್ತರದ ಮುಂದೆ ಬಹಳ ಸಣ್ಣದಾಗಿ ಕೇಳಿಸುತ್ತದೆ. ನಾಯಕತ್ವವನ್ನು ಎತ್ತರವೆಂದು ಕಲಿಸುವ ಕಡೆಯೆಲ್ಲ ಈ ಅಪಾಯ ಇದ್ದೇ ಇರುತ್ತದೆ, ಸಭೆ ದೊಡ್ಡದಿರಲಿ, ಐವತ್ತು ಮನೆಯದಿರಲಿ. ಪೇತ್ರನು ಸಭೆಯ ಹಿರಿಯರಿಗೆ ಬರೆಯುವಾಗ ತನ್ನನ್ನು ಜೊತೆಹಿರಿಯನೆಂದು ಕರೆದುಕೊಂಡು, ಹಿಂಡಿನ ಮೇಲೆ ದೊರೆತನ ಮಾಡಬೇಡಿರೆಂದು ಬೇಡಿಕೊಂಡದ್ದು ಇದಕ್ಕೇ ಎಂದು ನಾನು ಓದಿಕೊಳ್ಳುತ್ತೇನೆ.

ನಾಯಕತ್ವದ ತರಬೇತಿಯಲ್ಲಿ ತಪ್ಪದೆ ಬರುವ ವೇದಭಾಗ ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯ. ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿರುತ್ತಾನೆ. ಮಾವ ಇತ್ರೋನನು ಬಂದು ನೋಡಿ, ಸಾವಿರ ಮಂದಿಗೆ, ನೂರು ಮಂದಿಗೆ, ಐವತ್ತು ಮಂದಿಗೆ, ಹತ್ತು ಮಂದಿಗೆ ಒಬ್ಬೊಬ್ಬರಂತೆ ಮೇಲ್ವಿಚಾರಕರನ್ನು ನೇಮಿಸು ಎನ್ನುತ್ತಾನೆ. ಪರದೆಯ ಮೇಲೆ ಇದನ್ನು ತ್ರಿಕೋನದ ಚಿತ್ರವಾಗಿ ತೋರಿಸುತ್ತಾರೆ: ತುದಿಯಲ್ಲಿ ಮೋಶೆ, ಬುಡದಲ್ಲಿ ಜನ. ಕೆಲಸ ಹಂಚಿ ನಾಯಕ ಹಗುರಾಗಬೇಕು ಎಂಬುದು ಪಾಠ. ನಾಯಕ ಹಗುರಾಗುವ ಮಾತು ಅಲ್ಲಿ ನಿಜವಾಗಿಯೂ ಇದೆ, ಇಲ್ಲವೆನ್ನಲಾರೆ. ಆದರೆ ಇತ್ರೋನನ ಕಣ್ಣಿಗೆ ಬಿದ್ದದ್ದು ಮೋಶೆಯ ದಣಿವು ಮಾತ್ರವಲ್ಲ. ಬಿಸಿಲಲ್ಲಿ ಸಂಜೆಯ ತನಕ ನಿಂತೇ ಇದ್ದ ಜನರನ್ನೂ ಅವನು ಕಂಡ. ನೀನೂ ಬಳಲುತ್ತೀ, ಅವರೂ ಬಳಲುತ್ತಾರೆ ಎಂದು ಎರಡನ್ನೂ ಸೇರಿಸಿ ಹೇಳಿದ. ಅವನ ಸಲಹೆಯ ಕೊನೆ, ಇವರೆಲ್ಲ ಸಮಾಧಾನದಿಂದ ತಮ್ಮ ತಮ್ಮ ಜಾಗಕ್ಕೆ ಹೋಗುವರು ಎಂಬುದಾಗಿತ್ತು. ಲೆಕ್ಕ ಸಾವಿರದಿಂದ ಆರಂಭವಾಗಿ ಹತ್ತಕ್ಕೆ ಇಳಿಯುತ್ತದೆ. ಹತ್ತು ಮಂದಿಯ ಮೇಲೆ ಒಬ್ಬನೆಂದರೆ ಆ ಹತ್ತು ಮಂದಿಯ ಹೆಸರು, ಜಗಳ, ಸಾಲ, ಕಾಯಿಲೆ ಅವನಿಗೆ ಗೊತ್ತಿರುತ್ತದೆ. ಆ ಹತ್ತರ ಮಟ್ಟ ಇಲ್ಲದಿದ್ದರೆ ಉಳಿದ ಮೂರೂ ಮಟ್ಟಗಳು ಬರಿಯ ಹುದ್ದೆಗಳಾಗುತ್ತವೆ. ಆರಿಸುವಾಗ ನೋಡಬೇಕಾದ ಗುಣಗಳನ್ನೂ ಅವನು ಹೇಳಿದ್ದಾನೆ: ಸಾಮರ್ಥ್ಯ ಬೇಕು, ಅದರ ಜೊತೆಗೆ ದೇವಭಯ, ಸತ್ಯ, ಲಂಚದ ಮೇಲಿನ ಹೇಸಿಗೆ ಇರಬೇಕು. ನಮ್ಮ ಸಭೆಗಳ ಆಡಳಿತ ನೋಡಿಕೊಳ್ಳುವ ಪಾಸ್ಟೊರೇಟ್ ಕಮಿಟಿಯ ಚುನಾವಣೆಗಳನ್ನು ಬಲ್ಲವರಿಗೆ ಈ ಪಟ್ಟಿ ಎಷ್ಟು ಕಠಿಣವಾದದ್ದೆಂದು ವಿವರಿಸಬೇಕಾಗಿಲ್ಲ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವೂ ಹೀಗೆಯೇ. ಸಭೆ ಬೆಳೆದಂತೆ ಕೆಲಸ ಹಂಚಬೇಕು ಎಂಬುದಕ್ಕೆ ಅದನ್ನು ಎತ್ತಿ ತೋರಿಸುತ್ತಾರೆ. ಆ ಹಂಚಿಕೆ ಹುಟ್ಟಿದ್ದು ಒಂದು ದೂರಿನಿಂದ. ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಸಾವಿರಾರು ಜನ ಸೇರುತ್ತಿದ್ದ ಸಭೆ ಅದು. ಅಲ್ಲಿ ಬೇರೆ ನುಡಿಯಾಡುವ ಕೆಲವು ವಿಧವೆಯರ ತಟ್ಟೆಗೆ ಅನ್ನ ಬೀಳಲಿಲ್ಲವೆಂಬುದು ಅಪೊಸ್ತಲರ ಕಿವಿ ತನಕ ಮುಟ್ಟಿತು, ಮುಟ್ಟಿದ ಮೇಲೆ ಇಡೀ ಸಭೆಯನ್ನು ಕರೆಯಲಾಯಿತು. ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ: ಸ್ತೆಫನ, ಫಿಲಿಪ್ಪ ಮುಂತಾಗಿ. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟಂತಾಯಿತು ಎಂದು ಹಲವು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ನಾಯಕತ್ವದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿಯೇ ನಡೆಯುವ ಸಮ್ಮೇಳನಗಳ ಹಿಂದಿನ ಸಾಲಿನಲ್ಲಿ ಕೂರುವ ಹಳ್ಳಿಯ ಸಭಾಪಾಲಕರನ್ನು ನೆನೆದಾಗ, ಆ ಪಾಠ ಇನ್ನೂ ಕಲಿಯುವುದಿದೆ ಎನಿಸುತ್ತದೆ. ಪೌಲನು ದೇವರ ವರಗಳ ಪಟ್ಟಿಯಲ್ಲಿ ನಾಯಕತ್ವವನ್ನೂ ಸೇರಿಸಿದ್ದಾನಲ್ಲವೇ ಎಂದರೆ, ಸೇರಿಸಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಅವನು ಬಳಸುವ ಗ್ರೀಕ್ ಪದ ಹಡಗಿನ ಚುಕ್ಕಾಣಿ ಹಿಡಿಯುವ ಕೆಲಸದಿಂದ ಬಂದದ್ದು, ಅದು ಪಟ್ಟಿಯ ಕೊನೆಕೊನೆಗೆ, ಪರರಿಗೆ ಸಹಾಯ ಮಾಡುವ ವರದ ಪಕ್ಕದಲ್ಲಿದೆ. ರೋಮಾಪುರದವರಿಗೆ ಬರೆಯುವಾಗ ಬಳಸುವ ಪದಕ್ಕೆ ಮುಂದೆ ನಿಲ್ಲುವುದು, ಆರೈಕೆ ಮಾಡುವುದು ಎಂಬ ಎರಡೂ ಅರ್ಥಗಳುಂಟು. ಅದು ಇರುವುದು ದಾನ ಮಾಡುವವನಿಗೂ ಕರುಣೆ ತೋರಿಸುವವನಿಗೂ ನಡುವೆ.

ಇದೆಲ್ಲ ಹೇಳಲು ಚೆಂದ, ನೂರಾರು ಕುಟುಂಬಗಳ ಸಭೆಯಲ್ಲಿ ಒಬ್ಬ ಸಭಾಪಾಲಕ ಎಲ್ಲರನ್ನೂ ಬಲ್ಲವನಾಗುವುದು ಆಗದ ಮಾತು ಎಂಬ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ನೇಕಾರರ ಊರಿನ ಲೆಕ್ಕವನ್ನು ಮುಂದಿಡುತ್ತೇನೆ. ಹದಿನೇಳನೆಯ ಶತಮಾನದ ನಡುವೆ ಅಲ್ಲಿ ರಿಚರ್ಡ್ ಬ್ಯಾಕ್ಸ್ಟರ್ ಸಭಾಪಾಲಕರಾಗಿದ್ದರು. ಜೀವನವಿಡೀ ಕಾಯಿಲೆಯ ಮನುಷ್ಯ. ಅವರ ಪ್ಯಾರಿಷ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಕುಟುಂಬಗಳಿದ್ದವು. ಬ್ಯಾಕ್ಸ್ಟರ್ ಮತ್ತು ಅವರ ಸಹಾಯಕ ಪ್ರತಿ ಸೋಮವಾರ, ಮಂಗಳವಾರ ಬೆಳಗಿನಿಂದ ಸಂಜೆಯ ತನಕ ಒಂದೊಂದೇ ಕುಟುಂಬದೊಂದಿಗೆ ಕೂತು ಮಾತಾಡುತ್ತಿದ್ದರು: ನಂಬಿಕೆಯ ಮೂಲಪಾಠ ಎಷ್ಟು ತಿಳಿದಿದೆ, ಮನಸ್ಸಿನಲ್ಲಿ ಏನಿದೆ, ಬದುಕು ಹೇಗೆ ನಡೆದಿದೆ ಎಂದು. ಒಂದು ಕುಟುಂಬಕ್ಕೆ ಸುಮಾರು ಒಂದು ಗಂಟೆ. ವಾರಕ್ಕೆ ಹದಿನೈದು, ಹದಿನಾರು ಕುಟುಂಬಗಳು. ಅದನ್ನು 52 ವಾರಗಳಿಂದ ಗುಣಿಸಿ ನೋಡಿ, ವರ್ಷ ಮುಗಿಯುವಷ್ಟರಲ್ಲಿ ಎಂಟುನೂರು ಮನೆ ಮುಗಿಯುತ್ತದೆ. ಇದರಲ್ಲಿ ಪವಾಡವಿಲ್ಲ, ವಾರದ ಎರಡು ದಿನಗಳನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡದ ಹಟವಿದೆ. ವರ್ಷಗಳ ಕಾಲ ಪ್ರಸಂಗ ಕೇಳಿಯೂ ಏನೂ ಹಿಡಿಯದ ಕೆಲವರು ಅರ್ಧಗಂಟೆಯ ಮುಖಾಮುಖಿ ಮಾತಿನಲ್ಲಿ ಹೆಚ್ಚು ತಿಳಿದುಕೊಂಡದ್ದನ್ನು ಅವರು ದಾಖಲಿಸಿದ್ದಾರೆ. ಬ್ಯಾಕ್ಸ್ಟರ್ ದೊಡ್ಡ ಪ್ರಸಂಗಿ. ಜನ ಹಿಡಿಸದೆ ಅವರ ದೇವಾಲಯದಲ್ಲಿ ಮಹಡಿಗಳನ್ನು ಕಟ್ಟಬೇಕಾಗಿ ಬಂದಿತ್ತು. ಅಂಥವರ ಬಾಯಿಂದ ಬಂದ ಮಾತು ಎಂಬುದರಿಂದ ಅದಕ್ಕೆ ಹೆಚ್ಚು ತೂಕ.

ನಮ್ಮ ಕಷ್ಟಗಳೇ ಬೇರೆ ಎಂದು ಹೇಳಬಹುದು. ದಕ್ಷಿಣ ಭಾರತ ಸಭೆಯ ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಮನೆಗಳ ಹೆಸರು ಬಾಯಿಗೆ ಬರುವ ಹೊತ್ತಿಗೆ ಸಾಮಾನು ಕಟ್ಟಬೇಕು. ಕೆಲವು ಕಡೆ ಒಬ್ಬರ ಪಾಲಿಗೆ ನಾಲ್ಕಾರು ಹಳ್ಳಿಗಳ ಸಭೆಗಳು. ನಗರದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯ ಬಾಗಿಲು ರಾತ್ರಿ ಎಂಟಕ್ಕೆ ತೆರೆಯುತ್ತದೆ. ಇವೆಲ್ಲ ನಿಜ, ಇವುಗಳಿಂದಲೇ ನನ್ನ ವಾದ ಗಟ್ಟಿಯಾಗುತ್ತದೆ. ಸಮಯ ಕಡಿಮೆ ಇರುವವನು ಯಾವುದನ್ನು ಮೊದಲು ಬಿಡಬೇಕು ಎಂಬುದೇ ಪ್ರಶ್ನೆಯಾದಾಗ, ದರ್ಶನ ಪತ್ರ ಬರೆಯುವುದನ್ನು ಬಿಟ್ಟು ಮನೆಗೆ ಹೋಗು ಎಂದು ಹೇಳುವ ಧೈರ್ಯ ಯಾವುದಾದರೂ ಸಮ್ಮೇಳನಕ್ಕೆ ಇರಬೇಕು. ಇನ್ನು ಶಾಲೆ, ಹಾಸ್ಟೆಲ್, ಜಮೀನು, ಲೆಕ್ಕಪತ್ರ ಇವೆಲ್ಲ ಸಭೆಯ ಕೈಯಲ್ಲಿರುವಾಗ ಆಡಳಿತ ಕಲಿಯಬೇಡವೇ ಎಂದರೆ, ಖಂಡಿತ ಕಲಿಯಬೇಕು. ಕಾಣಿಕೆ ಪೆಟ್ಟಿಗೆಗೆ ಕೂಲಿಯ ಹಣ ಹಾಕಿದ ಹೆಂಗಸಿಗೆ ಪೈಸೆ ಪೈಸೆಯ ಲೆಕ್ಕ ತೋರಿಸುವುದು ಕೂಡ ಪಾಲನೆಯೇ. ಅದನ್ನು ಆಡಳಿತ ಎಂದೇ ಕರೆದು, ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಕೂರಿಸಿ ನೇರವಾಗಿ ಕಲಿಸಲಿ. ಅದಕ್ಕೆ ನಾಯಕತ್ವದ ಪ್ರಭಾವಳಿ ಹಚ್ಚುವುದು ಬೇಡ.

ಇಷ್ಟು ಹೇಳಿದ್ದರಿಂದ ಸಮ್ಮೇಳನಗಳೇ ಬೇಡವೆಂದು ಯಾರೂ ತಿಳಿಯಬಾರದು. ಸಭಾಪಾಲಕನಷ್ಟು ಒಂಟಿಯಾದ ಮನುಷ್ಯ ಊರಲ್ಲಿ ಇನ್ನೊಬ್ಬನಿರುವುದಿಲ್ಲ. ಎಲ್ಲರ ಗುಟ್ಟು ಅವನ ಬಳಿ, ಅವನ ಗುಟ್ಟು ಹೇಳಿಕೊಳ್ಳಲು ಯಾರೂ ಇಲ್ಲ. ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ, ರಾತ್ರಿ ಕೋಣೆಯ ಮಂಚಗಳ ನಡುವೆ ಸಭಾಪಾಲಕರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ವೇದಿಕೆಯ ಎಷ್ಟೋ ಮಾತುಗಳಿಗಿಂತ ಹೆಚ್ಚು ಜನರನ್ನು ಈ ಸೇವೆಯಲ್ಲಿ ಉಳಿಸಿದೆ ಎಂದು ನಾನು ನಂಬುತ್ತೇನೆ. ನನ್ನ ಕಳಕಳಿಯೆಲ್ಲ ಇಲ್ಲಿಯೇ ಇದೆ. ಬಿಡುವಿನ ವೇಳೆಯಲ್ಲಿ ಕದ್ದು ನಡೆಯುವ ಆ ಮಾತೇ ಸಮ್ಮೇಳನದ ನಡುವೆ ಬಂದು ಕೂರಬೇಕು. ಬ್ಯಾಕ್ಸ್ಟರ್ ಅವರ ಹೆಸರಾಂತ ಪುಸ್ತಕ ಹುಟ್ಟಿದ್ದೂ ಸಭಾಪಾಲಕರ ಒಂದು ಕೂಟಕ್ಕಾಗಿ. 1655ರ ಡಿಸೆಂಬರ್ 4ರಂದು ವೂಸ್ಟರ್ ಪಟ್ಟಣದಲ್ಲಿ ಆ ಸೀಮೆಯ ಸಭಾಪಾಲಕರು ಉಪವಾಸವಿದ್ದು ಸೇರಿದರು. ಜನರಿಗೆ ಹೀಗೆ ಒಬ್ಬೊಬ್ಬರಿಗಾಗಿ ಕಲಿಸದೆ ಬಿಟ್ಟ ತಮ್ಮ ತಪ್ಪನ್ನು ದೇವರ ಮುಂದೆ ಒಪ್ಪಿಕೊಳ್ಳಲು, ಇನ್ನು ಮುಂದೆ ಆ ಕೆಲಸಕ್ಕೆ ತೊಡಗಲು. ಕಾಯಿಲೆಯಿಂದ ಬ್ಯಾಕ್ಸ್ಟರ್ ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ, ಆಡಬೇಕಾಗಿದ್ದ ಮಾತು ಮರುವರ್ಷ ಪುಸ್ತಕವಾಯಿತು.

ನಮ್ಮ ದಕ್ಷಿಣದಲ್ಲೂ ಅಂಥ ಕೂಟ ನಡೆದಿದೆ. 1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ 33 ಮಂದಿ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು, ದೋರ್ನಕಲ್‌ನ ಬಿಷಪ್ ವಿ. ಎಸ್. ಅಜರಯ್ಯ ಅವರೂ ಇದ್ದರು. ಪಶ್ಚಿಮದಿಂದ ಬಂದ ಒಡಕುಗಳು ನಮ್ಮ ಆಯ್ಕೆಯಲ್ಲ, ಇವುಗಳಿಂದ ನಮ್ಮ ಸೇವೆ ಸೊರಗಿದೆ ಎಂದು ಒಪ್ಪಿಕೊಂಡು ಒಂದಾಗುವ ಕರೆ ಕೊಟ್ಟರು. ಆ ಎರಡು ದಿನಗಳ ಮಾತು ಕೈಗೂಡಲು 28 ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಅದನ್ನು ನೋಡಲು ಅಜರಯ್ಯ ಇರಲಿಲ್ಲ, 1945ರ ಮೊದಲ ದಿನವೇ ತೀರಿಕೊಂಡಿದ್ದರು. ಧಾರವಾಡ, ಮಂಗಳೂರು, ಬೆಂಗಳೂರುಗಳಲ್ಲಿ ಕೇಂದ್ರವಿರುವ ನಮ್ಮ ಮೂರು ಡಯಾಸಿಸ್‌ಗಳೂ ಆ ಸಭೆಯವೇ. ಅವುಗಳ ಸಭಾಪಾಲಕರ ಮುಂದಿನ ಸಮ್ಮೇಳನದಲ್ಲಿ ಒಂದು ಮಧ್ಯಾಹ್ನವನ್ನು ಖಾಲಿ ಬಿಡಬೇಕೆಂಬುದು ನನ್ನ ಬೇಡಿಕೆ. ಪರದೆ ಬೇಡ, ಮೈಕು ಬೇಡ. ಪ್ರತಿಯೊಬ್ಬರೂ ತಮ್ಮ ಸಭೆಯ ಕುಟುಂಬ ರಿಜಿಸ್ಟರ್ ತರಲಿ, ಇಬ್ಬಿಬ್ಬರಾಗಿ ಕೂರಲಿ, ಒಂದು ವರ್ಷದಿಂದ ತಾವು ಕಾಲಿಡದ ಮನೆಗಳ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಲಿ. ಹೋಗದೆ ಇದ್ದದ್ದು ಏಕೆಂದು ಪಕ್ಕದವರಿಗೆ ಹೇಳಲಿ. ಊರಿಗೆ ಮರಳಿದ ಮೇಲೆ ಬರುವ ಮೊದಲ ಸೋಮವಾರ ಆ ಚುಕ್ಕೆಗಳಲ್ಲಿ ಯಾವ ಮನೆಗೆ ಹೋಗುವುದೆಂದು ಅಲ್ಲಿಯೇ ತೀರ್ಮಾನಿಸಿ ಏಳಲಿ.